ನಾಲ್ಕು ವರ್ಷದ ಬಿ.ಇ. ಮತ್ತು ನಲವತ್ತಾರು ಮೈಕ್ರಾನು

ಮೇ, ಜೂನ್ ಬಂತೆಂದರೆ ಪುಣೆಯಲ್ಲಿರುವ ನನ್ನಂಥವರ ಫೋನಿಗೆ ಊರಿನಿಂದ ಎರಡು ಥರದ ಕರೆ ಬರುತ್ತವೆ. ಒಂದು, ಪಿಯುಸಿ ಮುಗಿಸಿದ ಹುಡುಗರ ಅಪ್ಪಂದಿರದು: "ಮೆಕ್ಯಾನಿಕಲ್ ಕೊಡಸಬೇಕೋ ಬ್ಯಾಡೋ, ನೀವs ಹೇಳ್ರಿ." ಇನ್ನೊಂದು, ಮೆಕ್ಯಾನಿಕಲ್ ಮುಗಿಸಿದ ಹುಡುಗರ ಅಪ್ಪಂದಿರದು: "ಅಲ್ಲೆ ನಿಮ್ಮ ಕಡೆ ಏನರ ಆಗತದೇನು ನೋಡ್ರಿ." ಮೊದಲನೆಯವರಿಗೆ ನಾಲ್ಕು ವರ್ಷ ಆದಮೇಲೆ ಏನಾಗುತ್ತದೆ ಅನ್ನುವುದು ಎರಡನೆಯವರನ್ನು ಕೇಳಿದರೆ ಗೊತ್ತಾಗುತ್ತಿತ್ತು. ಆದರೆ ಅವರಿಬ್ಬರೂ ನನಗೇ ಫೋನ್ ಮಾಡುತ್ತಾರೆ, ಒಬ್ಬರಿಗೊಬ್ಬರು ಮಾಡುವುದಿಲ್ಲ!

ನಾನು ಬಿ.ಇ. ಮುಗಿಸಿ 1988ರಲ್ಲಿ ಪುಣೆಗೆ ಬಂದವನು. ಆಗ ವಿಟಿಯು ಹುಟ್ಟಿರಲಿಲ್ಲ (ಅದು ಬಂದದ್ದು 1998ರಲ್ಲಿ), ನಮ್ಮ ಸರ್ಟಿಫಿಕೇಟಿನ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆ. ಮೊದಲು ಭೋಸರಿ, ಆಮೇಲೆ ಚಾಕಣ. ಮಷೀನ್ ಶಾಪು, ಆಮೇಲೆ ಕ್ವಾಲಿಟಿ. ಈ ವರ್ಷಗಳಲ್ಲಿ ಹೊಸದಾಗಿ ಸೇರಿದ ಹುಡುಗರನ್ನು, ಈಚೆಗೆ ಹುಡುಗಿಯರನ್ನೂ, ನೂರಾರು ಲೆಕ್ಕದಲ್ಲಿ ನೋಡಿದ್ದೇನೆ. ಅದರ ಆಧಾರದ ಮೇಲೆ ಹೇಳುವುದಾದರೆ, ಕಾಲೇಜಿನಲ್ಲಿ ಹುಡುಗ ಅರ್ಧ ಇಂಜಿನಿಯರ್ ಆಗುತ್ತಾನೆ. ಉಳಿದರ್ಧ ಶಾಪ್ ಫ್ಲೋರಿನಲ್ಲಿ ಆಗಬೇಕು. ಆ ಉಳಿದರ್ಧದ ಖರ್ಚನ್ನು ಯಾರು ಹೊರಬೇಕು ಅನ್ನುವುದೇ ಇಡೀ ಜಗಳದ ಮೂಲ. ಹೇಗೆ ಅಂತ ಒಂದಿಷ್ಟು ವಿವರವಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

ಮೊದಲು, ಕಾಲೇಜಿನಿಂದ ಏನನ್ನು ತರುವುದಿಲ್ಲ ಅನ್ನುವುದು.

ಡ್ರಾಯಿಂಗ್ ಓದಲಿಕ್ಕೆ ಬರುವುದಿಲ್ಲ. ಬರೆಯಲಿಕ್ಕೆ ಬರುತ್ತದೆ, ಕಂಪ್ಯೂಟರಿನಲ್ಲಿ ಚೆಂದದ ಮಾಡೆಲ್ ಮಾಡಿ ತಿರುಗಿಸಿ ತೋರಿಸುತ್ತಾರೆ. ಆದರೆ ಎದುರಿಗೆ ಹಾಳೆ ಇಟ್ಟು "ಈ ಜಾಬಿನಲ್ಲಿ ಯಾವ ಅಳತೆ ತಪ್ಪಿದರೆ ಗಿರಾಕಿ ವಾಪಸ್ ಕಳಿಸುತ್ತಾನೆ?" ಅಂತ ಕೇಳಿ ನೋಡಿ. ಎಲ್ಲ ಅಳತೆಗಳೂ ಅವರಿಗೆ ಒಂದೇ ಥರ ಕಾಣಿಸುತ್ತವೆ. ಮೈಕ್ರೋಮೀಟರ್ ಕೈಯಲ್ಲಿ ಕೊಟ್ಟರೆ ಸಿ-ಕ್ಲ್ಯಾಂಪಿನ ಹಾಗೆ ಬಿಗಿ ಮಾಡುತ್ತಾರೆ. ರ‍್ಯಾಚೆಟ್ ಯಾಕಿದೆ ಅನ್ನುವುದು ವೈವಾದಲ್ಲಿ ಹೇಳಿರುತ್ತಾರೆ, ಕೈಗೆ ಗೊತ್ತಿರುವುದಿಲ್ಲ.

ದುಡ್ಡಿನ ಲೆಕ್ಕ ಗೊತ್ತಿರುವುದಿಲ್ಲ. ಒಂದು ಸಲ ಡಿಸೈನಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ಸಾದಾ ಬ್ರ್ಯಾಕೆಟ್ ಒಂದನ್ನು ಬರೆದ. ಎರಡು ತೂತು, ಎಂ8 ಬೋಲ್ಟು, ತೂತಿನ ವ್ಯಾಸ 9 ಮಿಲಿಮೀಟರ್. ಅಂದರೆ ಬೋಲ್ಟಿಗೂ ತೂತಿಗೂ ನಡುವೆ ಪೂರ್ತಿ ಒಂದು ಮಿಲಿಮೀಟರ್ ಜಾಗ. ಆದರೂ ಆ ಎರಡು ತೂತಿನ ನಡುವಿನ ಅಂತರಕ್ಕೆ ಪ್ಲಸ್ ಮೈನಸ್ 0.01 ಅಂತ ಬರೆದುಬಿಟ್ಟಿದ್ದ. ಕಡಿಮೆ ಟಾಲರೆನ್ಸ್ ಅಂದರೆ ಒಳ್ಳೆಯ ಇಂಜಿನಿಯರಿಂಗ್ ಅನ್ನುವುದು ಅವನ ತಿಳಿವಳಿಕೆ. ಪ್ಲಸ್ ಮೈನಸ್ 0.2 ಇದ್ದರೂ ಬೋಲ್ಟು ಸರಾಗವಾಗಿ ಹೋಗುತ್ತಿತ್ತು, ಸಾದಾ ಡ್ರಿಲ್ ಜಿಗ್ ಇಟ್ಟು ಮಾಡಬಹುದಿತ್ತು. ಭೋಸರಿಯ ನಮ್ಮ ವೆಂಡರ್ ಮಹಾಶಯ, ನಾಲ್ಕನೇ ಇಯತ್ತಾ ಓದಿದವರು, ಡ್ರಾಯಿಂಗ್ ನೋಡಿ ಫೋನ್ ಮಾಡಿದರು: "ಸಾಹೇಬ್, ಹೇ ಬ್ರ್ಯಾಕೆಟ್ ಆಹೇ ಕಾ ಘಡ್ಯಾಳ್?" ಇದು ಬ್ರ್ಯಾಕೆಟ್ಟೋ ಗಡಿಯಾರವೋ ಅಂತ! ಅವರು ಹೇಳಿದ ದರ ಮಾಮೂಲಿಗಿಂತ ಮೂರು ಪಟ್ಟಿತ್ತು. ಅವರ ಕಡೆಯಿಂದ ಅದು ನ್ಯಾಯವೇ. ಅಷ್ಟು ನಿಖರವಾಗಿ ಬೇಕೆಂದರೆ ಅವರು ಬೇರೆ ಮಷೀನಿಗೆ ಹಾಕಬೇಕು, ಒಂದೊಂದನ್ನೂ ಅಳೆಯಬೇಕು.

ಆ ಹುಡುಗ ದಡ್ಡನಲ್ಲ. ಐದನೇ ಸೆಮಿಸ್ಟರಿನಲ್ಲಿ ಲಿಮಿಟ್ಸ್ ಅಂಡ್ ಫಿಟ್ಸ್ ಪೇಪರಿನಲ್ಲಿ ಅವನಿಗೆ ಒಳ್ಳೆಯ ಅಂಕ ಬಂದಿತ್ತು. 25 ಮಿಲಿಮೀಟರ್ ವ್ಯಾಸಕ್ಕೆ ಎಚ್7 ತೂತು, ಜಿ6 ಶಾಫ್ಟು ಕೊಟ್ಟರೆ ಕನಿಷ್ಠ ಸಂದು 7 ಮೈಕ್ರಾನು, ಗರಿಷ್ಠ 41 ಮೈಕ್ರಾನು ಅಂತ ಟೇಬಲ್ ನೋಡಿ ಹೇಳಬಲ್ಲ. ಆದರೆ ಆ 41 ಮೈಕ್ರಾನಿಗೆ ಎಷ್ಟು ರೂಪಾಯಿ ಅನ್ನುವ ಪ್ರಶ್ನೆ ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದಿರಲಿಲ್ಲ.

ಇನ್ನು ಜನರ ಜೊತೆ ಮಾತಾಡುವುದು. ನಮ್ಮ ಹುಡುಗರಿಗೆ ಇಲ್ಲಿ ಇದು ಎರಡು ಪಟ್ಟು ಕಷ್ಟ. ಇಂಗ್ಲಿಷಿನಲ್ಲಿ ಓದಿರುತ್ತಾರೆ, ಕನ್ನಡದಲ್ಲಿ ಯೋಚನೆ ಮಾಡುತ್ತಾರೆ, ಇಲ್ಲಿ ಆಪರೇಟರ್ ಜೊತೆ ಮರಾಠಿ, ಹಿಂದಿಯಲ್ಲಿ ಮಾತಾಡಬೇಕು. ಇಪ್ಪತ್ತು ವರ್ಷ ಅದೇ ಮಷೀನ್ ನಡೆಸಿದ ಮನುಷ್ಯನಿಗೆ ನಿನ್ನೆ ಬಂದ ಹುಡುಗ "ಫೀಡ್ ಕಡಿಮೆ ಮಾಡಿ" ಅಂತ ಹೇಳುವುದು ಹೇಗೆ? ಹೇಳಬೇಕಾದ್ದು ಸರಿಯೇ ಇದ್ದರೂ ಹೇಳುವ ರೀತಿ ಬೇಕಲ್ಲ. ಬೆಳಗಾವಿ, ವಿಜಯಪುರದ ಕಡೆಯ ಹುಡುಗರು ಒಂದು ತಿಂಗಳಲ್ಲಿ ಹೊಂದಿಕೊಳ್ಳುತ್ತಾರೆ, ಹಾಸನ, ಮಂಡ್ಯದವರಿಗೆ ಆರು ತಿಂಗಳು.

ಇಷ್ಟು ಹೇಳಿದ ಮೇಲೆ "ಹಾಗಾದರೆ ಡಿಗ್ರಿ ದಂಡ" ಅಂತ ತೀರ್ಮಾನಕ್ಕೆ ಬರುವವರೇ ಹೆಚ್ಚು. ನಮ್ಮ ಮನೆಯಲ್ಲಿ ಎರಡು ತಿಂಗಳಿದ್ದ, ಗದಗಿನ ಕಡೆಯ ನಮ್ಮ ಸಂಬಂಧಿಕರ ಹುಡುಗ ಒಂದು ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಕೇಳಿದ: "ಕಾಕಾ, ನಾವು ಓದಿದ್ದರೊಳಗ ಒಂದೂ ಇಲ್ಲೆ ಬರಂಗಿಲ್ಲ ನೋಡ್ರಿ. ನಾಲ್ಕು ವರ್ಷ ಸುಮ್ನ ಹೋತೇನ್ರಿ?" ನನ್ನಾಕಿ ಅವನ ತಾಟಿಗೆ ಇನ್ನೊಂದು ಭಕ್ರಿ ಹಾಕಿ "ಮೊದಲ ಊಣ್ಣಪಾ" ಅಂದಳು. ನಾನೂ ಏನೂ ಹೇಳಲಿಲ್ಲ. ಯಾಕೆಂದರೆ ಅದಕ್ಕೆ ಉತ್ತರ ಮಾತಿನಲ್ಲಿ ಕೊಟ್ಟರೆ ಯಾರೂ ನಂಬುವುದಿಲ್ಲ. ಆದರೆ ಮುಂದೆ ಮೂರು ವಾರದಲ್ಲಿ ಅವನೇ ಉತ್ತರ ಕಂಡುಕೊಂಡ.

ಆದದ್ದು ಇಷ್ಟು. ಅವನಿದ್ದ ಲೈನಿನಲ್ಲಿ ಅಲ್ಯೂಮಿನಿಯಂ ಹೌಸಿಂಗ್ ಆಗುತ್ತಿತ್ತು. ಅದರಲ್ಲಿ 100 ಮಿಲಿಮೀಟರಿನ ಒಂದು ಬೋರು, ಅದಕ್ಕೆ ಬೇರಿಂಗ್ ಕೂರಬೇಕು. ಟಾಲರೆನ್ಸ್ ಎಚ್7, ಅಂದರೆ 35 ಮೈಕ್ರಾನು. ಸೆಕೆಂಡ್ ಶಿಫ್ಟಿನಲ್ಲಿ ಅಳೆದಾಗ ಎಲ್ಲ ಸರಿ, ಬೆಳಿಗ್ಗೆ ಅಸೆಂಬ್ಲಿಯಲ್ಲಿ ಬೇರಿಂಗು ಹೋಗುತ್ತಿಲ್ಲ. ಅದೂ ದಿನಾ ಅಲ್ಲ, ಒಂದು ದಿನ ಹೋಗುತ್ತದೆ, ಒಂದು ದಿನ ಇಲ್ಲ. ಅಸೆಂಬ್ಲಿಯವರು ಮಷೀನ್ ಶಾಪನ್ನು ಬೈದರು. ಮಷೀನ್ ಶಾಪಿನವರು ಬೋರ್ ಗೇಜನ್ನು ಬೈದರು. ಗೇಜ್ ಕಳಿಸಿ ಕ್ಯಾಲಿಬ್ರೇಟ್ ಮಾಡಿಸಿದರೆ ಅದು ಸರಿಯಾಗೇ ಇದೆ. ಕೊನೆಗೆ ಬೇರಿಂಗಿನ ಲಾಟೇ ಸರಿಯಿಲ್ಲ ಅಂತ ಸ್ಟೋರಿನವರ ತಲೆಗೆ ಕಟ್ಟಿದರು.

ಆ ಲೈನಿನ ಹಳೆಯ ಆಪರೇಟರ್ ಒಬ್ಬರು "ಗರಮ್ ಮೇಂ ಮತ್ ನಾಪೋ" ಅಂತ ಮೊದಲಿನಿಂದಲೂ ಹೇಳುತ್ತಿದ್ದರಂತೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ, ಅವರ ಬಳಿ ಲೆಕ್ಕ ಇರಲಿಲ್ಲ. ನಮ್ಮ ಹುಡುಗ ಅವರ ಪಕ್ಕದಲ್ಲಿ ನಿಂತು ನೋಡಿದ. ಮಷೀನಿಂಗ್ ಆದಮೇಲೆ ಹೌಸಿಂಗು ಬಿಸಿನೀರಿನ ವಾಷಿಂಗ್ ಮಷೀನಿಗೆ ಹೋಗುತ್ತದೆ, ಹೊರಗೆ ಬಂದ ಕೂಡಲೇ ಅಳೆಯುತ್ತಾರೆ. ಒಂದು ಥರ್ಮಾಮೀಟರ್ ತಂದು ಹಿಡಿದ, 45 ಡಿಗ್ರಿ. ಬೆಳಿಗ್ಗೆ ಅಸೆಂಬ್ಲಿಯ ಹೊತ್ತಿಗೆ ಅದೇ ಹೌಸಿಂಗು 25 ಡಿಗ್ರಿ. ಅಲ್ಯೂಮಿನಿಯಂ ಒಂದು ಡಿಗ್ರಿಗೆ, ಒಂದು ಮೀಟರಿಗೆ ಸುಮಾರು 23 ಮೈಕ್ರಾನು ಹಿಗ್ಗುತ್ತದೆ, ಇದು ಪಿಯುಸಿ ಪಾಠ. 100 ಮಿಲಿಮೀಟರು, 20 ಡಿಗ್ರಿ, ಗುಣಿಸಿದರೆ 46 ಮೈಕ್ರಾನು! ಇಡೀ ಟಾಲರೆನ್ಸೇ 35, ಬಿಸಿಯಿಂದ ಆದ ವ್ಯತ್ಯಾಸ 46. ಬಿಸಿ ಇದ್ದಾಗ ಸರಿಯಾಗಿ ಮಧ್ಯದಲ್ಲಿ ಬಂದ ಬೋರು ತಣ್ಣಗಾದ ಮೇಲೆ ಸಣ್ಣದಾಗಲೇಬೇಕು. ಚಹಾದ ಬಿಡುವಿನಲ್ಲಿ ಟ್ರಾಲಿಯಲ್ಲೇ ಉಳಿದ ಜಾಬುಗಳು ತಣ್ಣಗಾದ ಮೇಲೆ ಅಳತೆಗೆ ಬರುತ್ತಿದ್ದವು, ಹಾಗಾಗಿ ಕೆಲವು ದಿನ ಎಲ್ಲ ಸರಿ. ಒಂದು ದಿನ ಹೋಗುತ್ತದೆ ಒಂದು ದಿನ ಇಲ್ಲ ಅನ್ನುವ ಒಗಟೂ ಬಿಡಿಸಿತು.

ವಾಷಿಂಗ್ ಮಷೀನಿಗೂ ಅಳತೆಯ ಟೇಬಲ್ಲಿಗೂ ನಡುವೆ ಒಂದು ರ‍್ಯಾಕು, ಒಂದು ಫ್ಯಾನು ಇಟ್ಟು, ಗೇಜಿನ ಸೆಟ್ಟಿಂಗ್ ರಿಂಗನ್ನೂ ಅದೇ ಜಾಗದಲ್ಲಿಟ್ಟರು. ಜಾಬು ಕೋಣೆಯ ಉಷ್ಣತೆಗೆ ಬಂದ ಮೇಲೆ ಅಳೆಯುವುದು ಅಂತ ನಿಯಮ ಆಯಿತು. ರಗಳೆ ಮುಗಿಯಿತು.

ಈಗ ಹೇಳಿ, ಇದರಲ್ಲಿ ಕೆಲಸಕ್ಕೆ ಬಂದದ್ದು ಡಿಗ್ರಿಯೋ ಅನುಭವವೋ? ಬಿಸಿಯಲ್ಲಿ ಅಳೆಯಬೇಡಿ ಅನ್ನುವುದು ಆಪರೇಟರಿನ ಅನುಭವ. ಆದರೆ ಎಷ್ಟು ಬಿಸಿ ಇದ್ದರೆ ಎಷ್ಟು ತಪ್ಪಾಗುತ್ತದೆ, ಅದು ನಮ್ಮ ಟಾಲರೆನ್ಸಿಗಿಂತ ದೊಡ್ಡದೋ ಸಣ್ಣದೋ ಅನ್ನುವುದನ್ನು ಮ್ಯಾನೇಜರಿನ ಮುಂದೆ ಹಾಳೆಯ ಮೇಲೆ ತೋರಿಸಿದ್ದು ಓದು. ನಾಳೆ ಉಕ್ಕಿನ ಜಾಬು ಬಂದರೆ ಹಿಗ್ಗುವುದು ಇದರ ಹತ್ತಿರ ಹತ್ತಿರ ಅರ್ಧ ಅಂತಲೂ ಆ ಹುಡುಗನಿಗೆ ಗೊತ್ತು, ಹೊಸದಾಗಿ ಪೆಟ್ಟು ತಿಂದು ಕಲಿಯಬೇಕಿಲ್ಲ. ಆದರೆ ಆಪರೇಟರಿನ ಪಕ್ಕದಲ್ಲಿ ನಿಲ್ಲದಿದ್ದರೆ ಆ ಸೂತ್ರ ಅವನ ನೋಟ್‌ಬುಕ್ಕಿನಲ್ಲೇ ಉಳಿಯುತ್ತಿತ್ತು.

ಈ ಮಾತಿಗೆ ನಮ್ಮ ನೆಲದಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇಂಜಿನಿಯರಿಂಗ್ ಡಿಗ್ರಿ ಇಲ್ಲ. ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟಿಗೆ ಚಿತ್ರಕಲೆ ಕಲಿಯಲು ಹೋದವರು, ಬಣ್ಣಗಳು ಸರಿಯಾಗಿ ಕಾಣದ ದೋಷವಿದ್ದುದರಿಂದ ಮೆಕ್ಯಾನಿಕಲ್ ಡ್ರಾಯಿಂಗಿನ ಕಡೆ ತಿರುಗಿ, ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟರಾದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಆಮೇಲೆ ಕಬ್ಬಿಣದ ನೇಗಿಲು, 1910ರಲ್ಲಿ ಕಿರ್ಲೋಸ್ಕರವಾಡಿ. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಅಂತ ನಂಬಿದ್ದ ರೈತರಿಗೆ ನೇಗಿಲು ಮಾರಿದವರು ಅವರು. ಇಲ್ಲಿಗೆ ಕಥೆ ನಿಲ್ಲಿಸಿ "ನೋಡಿ, ಡಿಗ್ರಿ ಬೇಕಿಲ್ಲ" ಅನ್ನುವವರಿದ್ದಾರೆ. ಮುಂದಿನ ಅಧ್ಯಾಯ ಹೇಳುವುದಿಲ್ಲ. ಅದೇ ಲಕ್ಷ್ಮಣರಾಯರು ಮಗ ಶಂತನುರಾಯರನ್ನು ಅಮೆರಿಕದ ಎಂಐಟಿಗೆ ಕಳಿಸಿದರು. ಮಗ 1926ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಪಡೆದು ಬಂದರು. ಮುಂದೆ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಇಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್. ನೇಗಿಲಿನಿಂದ ಲೇತು, ಡೀಸೆಲ್ ಇಂಜಿನ್ನಿನವರೆಗೆ ಹೋಗಲಿಕ್ಕೆ ಅಪ್ಪನ ಕೈಗುಣದ ಜೊತೆ ಓದೂ ಬೇಕಾಗುತ್ತದೆ ಅಂತ ಆ ಡಿಗ್ರಿ ಇಲ್ಲದ ಅಪ್ಪನಿಗೆ ತಿಳಿದಿತ್ತು.

ಹಾಗಾದರೆ ನಮ್ಮ ಕಾಲೇಜುಗಳಲ್ಲಿ ಎಲ್ಲಿ ಎಡವುತ್ತದೆ? ಪಠ್ಯದಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಥರ್ಮೋಡೈನಾಮಿಕ್ಸು, ಸ್ಟ್ರೆಂತ್ ಆಫ್ ಮಟೀರಿಯಲ್ಸು, ಫ್ಲೂಯಿಡ್ ಮೆಕ್ಯಾನಿಕ್ಸು, ಇವು ಹಳೆಯದಾಗುವ ವಿಷಯಗಳಲ್ಲ. ಎಡವುವುದು ಲ್ಯಾಬಿನಲ್ಲಿ. ಒಂದು ಲೇತಿನ ಸುತ್ತ ಆರೇಳು ಜನ, ಹ್ಯಾಂಡಲ್ ತಿರುಗಿಸುವವನು ಒಬ್ಬ. ರೀಡಿಂಗುಗಳು ಹೋದ ವರ್ಷದ ಜರ್ನಲ್ಲಿನಿಂದ ಈ ವರ್ಷದ ಜರ್ನಲ್ಲಿಗೆ ಇಳಿಯುತ್ತವೆ. ಗ್ರಾಫು ಎಷ್ಟು ಚೆಂದ ಬರುತ್ತದೆಂದರೆ ಒಂದು ಬಿಂದುವೂ ಗೆರೆಯಿಂದ ಆಚೆ ಹೋಗುವುದಿಲ್ಲ. ನಿಜವಾದ ಮಷೀನು ಅಂಥ ಗ್ರಾಫ್ ಕೊಡುವುದೇ ಇಲ್ಲ. ಆಚೆ ಬಿದ್ದ ಬಿಂದು ಯಾಕೆ ಆಚೆ ಬಿತ್ತು ಅಂತ ಯೋಚಿಸುವುದೇ ನಮ್ಮ ಕೆಲಸದ ಮುಕ್ಕಾಲು ಪಾಲು, ಅದನ್ನೇ ಜರ್ನಲ್ಲಿನಲ್ಲಿ ಅಳಿಸಿ ಹಾಕುತ್ತಾರೆ.

ಮೇಷ್ಟರುಗಳನ್ನು ಬೈಯುವುದು ಸುಲಭ. ಬಿ.ಇ. ಮುಗಿಸಿ ಎಂ.ಟೆಕ್. ಮಾಡಿ ನೇರವಾಗಿ ಪಾಠಕ್ಕೆ ನಿಂತವರು ಅವರಲ್ಲಿ ಬಹಳ, ಕಾರ್ಖಾನೆಯನ್ನು ಇಂಡಸ್ಟ್ರಿಯಲ್ ವಿಸಿಟ್ಟಿನಲ್ಲಿ ನೋಡಿರುತ್ತಾರೆ ಅಷ್ಟೇ. ಆದರೆ ಕಾರ್ಖಾನೆಯಲ್ಲಿ ಹದಿನೈದು ವರ್ಷ ದುಡಿದವನು ಪಾಠಕ್ಕೆ ಹೋಗುತ್ತೇನೆಂದರೆ ಕಾಲೇಜು ಕೊಡುವ ಸಂಬಳವೆಷ್ಟು, ಕೇಳುವ ಪಿಎಚ್‌ಡಿ ಎಲ್ಲಿಂದ ತರುವುದು? ಇನ್ನು ಹುಡುಗರು. ಐಟಿ ಕಂಪನಿಗಳು ಯಾವ ಬ್ರ್ಯಾಂಚ್ ಆದರೂ ತಗೊಳ್ಳುತ್ತೇವೆ ಅಂದ ಮೇಲೆ ಏಳನೇ ಸೆಮಿಸ್ಟರಿನಲ್ಲಿ ಆಪ್ಟಿಟ್ಯೂಡ್ ಪುಸ್ತಕ ಓದುವವನನ್ನು ಗೇರ್ ಡಿಸೈನ್ ಓದು ಅಂದರೆ ಯಾಕೆ ಓದುತ್ತಾನೆ?

ಕಾಗದದ ಮೇಲೆ ಸುಧಾರಣೆಗಳೂ ಆಗಿವೆ. ಎಐಸಿಟಿಇ 2018ರಲ್ಲಿ ತಂದ ಮಾದರಿ ಪಠ್ಯಕ್ರಮದಲ್ಲಿ ಕ್ರೆಡಿಟ್ಟುಗಳನ್ನು 160ಕ್ಕೆ ಇಳಿಸಿ ಇಂಟರ್ನ್‌ಶಿಪ್ಪಿಗೆ ಜಾಗ ಮಾಡಿತು. ಒಳ್ಳೆಯದೇ. ಆದರೆ ಅಷ್ಟೊಂದು ಹುಡುಗರಿಗೆ ಇಂಟರ್ನ್‌ಶಿಪ್ ಕೊಡುವವರು ಯಾರು? ಪರಿಚಯ ಇದ್ದವನಿಗೆ ಒಳ್ಳೆಯ ಕಾರ್ಖಾನೆ. ಇಲ್ಲದವನಿಗೆ ದುಡ್ಡು ತಗೊಂಡು ಸರ್ಟಿಫಿಕೇಟ್ ಕೊಡುವ ಟ್ರೈನಿಂಗ್ ಸೆಂಟರು.

ಇದಕ್ಕೆ ಪ್ರತಿಯಾಗಿ ಟೂಲ್ ರೂಮುಗಳನ್ನು ನೋಡಿ. ಬೆಂಗಳೂರಿನಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಜಿಟಿಟಿಸಿಗೆ ಈಗ ರಾಜ್ಯದ ಎಷ್ಟೋ ಊರುಗಳಲ್ಲಿ ಕೇಂದ್ರಗಳಿವೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ಆಮೇಲೆ ಒಂದು ವರ್ಷ ಕಾರ್ಖಾನೆ. ಎಸ್ಸೆಸ್ಸೆಲ್ಸಿ ಮುಗಿಸಿ ಸೇರಿದ ಆ ಹುಡುಗರು ಬಂದ ಮೊದಲ ದಿನವೇ ಮಷೀನಿನ ಮುಂದೆ ನಿಲ್ಲುತ್ತಾರೆ. ಮೊದಲ ಮೂರು ವರ್ಷ ಬಿ.ಇ.ಯವರಿಗೆ ಅವರೇ ಗುರುಗಳು. ಆದರೆ ನಾನು ಕೆಲಸ ಮಾಡಿದ ಕಡೆಯಲ್ಲೆಲ್ಲ ಕಂಡದ್ದೆಂದರೆ, ಎಂಟು ಹತ್ತು ವರ್ಷ ಆದಮೇಲೆ ಮೇಲಿನ ಹುದ್ದೆಯ ಫಾರಂನಲ್ಲಿ "ಬಿ.ಇ. ಕಡ್ಡಾಯ" ಅಂತ ಇರುತ್ತದೆ. ತನ್ನಿಂದ ಕಲಿತವನ ಕೈಕೆಳಗೆ ಕೆಲಸ ಮಾಡಬೇಕಾದ ಸಂಕಟ ಎಷ್ಟೋ ಡಿಪ್ಲೊಮಾ ಗೆಳೆಯರದು. ಹೀಗಾಗಿ ಡಿಗ್ರಿ ಬಿಟ್ಟು ಡಿಪ್ಲೊಮಾ ಕೊಡಿಸಿ ಅಂತ ಯಾವ ಅಪ್ಪನಿಗೂ ನಾನು ಸಲೀಸಾಗಿ ಹೇಳಲಾರೆ.

ಕೊನೆಗೆ ಮತ್ತೆ ಖರ್ಚಿನ ಮಾತಿಗೇ ಬರಬೇಕು. ಅಪ್ರೆಂಟಿಸ್ ಕಾಯ್ದೆ 1961ರದು, ಅದರೊಳಗೆ ಇಂಜಿನಿಯರಿಂಗ್ ಪದವೀಧರರನ್ನು ಸೇರಿಸಿದ್ದು 1973ರ ತಿದ್ದುಪಡಿಯಲ್ಲಿ. ಉಳಿದರ್ಧ ಇಂಜಿನಿಯರನ್ನು ಮಾಡಲಿಕ್ಕೆ ಅಂತಲೇ ಇರುವ ಒಂದು ವರ್ಷ ಅದು. 2019ರ ನಿಯಮಗಳಲ್ಲಿ ಪದವೀಧರ ಅಪ್ರೆಂಟಿಸಿಗೆ ಗೊತ್ತುಮಾಡಿದ ಕನಿಷ್ಠ ಸ್ಟೈಪೆಂಡು ತಿಂಗಳಿಗೆ 9,000 ರೂಪಾಯಿ. ಚಾಕಣದಲ್ಲಿ ಕಾಟ್ ಬೇಸಿಸ್ ಮೇಲೆ ಇದ್ದು, ಎರಡು ಹೊತ್ತು ಡಬ್ಬಾ ತಿಂದು, ಬಸ್ಸಿಗೆ ಕೊಟ್ಟರೆ ಅದರಲ್ಲಿ ಊರಿಗೆ ಕಳಿಸಲು ಏನು ಉಳಿಯುತ್ತದೆ?

ಗದಗಿನ ನಮ್ಮ ಹುಡುಗ ಉಳಿದ. ಅವನ ಅಪ್ಪನಿಗೆ ಎಂಟೆಕರೆ ಹೊಲವಿದೆ, ಸಾಲವಿಲ್ಲ. ಅದೇ ಬ್ಯಾಚಿನಲ್ಲಿ ರಾಯಚೂರಿನ ಕಡೆಯವನೊಬ್ಬನಿದ್ದ, ಕೆಲಸದಲ್ಲಿ ಇವನಿಗಿಂತ ಒಂದು ಕೈ ಹೆಚ್ಚೇ. ಮಷೀನಿನ ಸದ್ದು ಕೇಳಿ ಟೂಲ್ ಸವೆದಿದೆ ಅಂತ ಹೇಳುವುದನ್ನು ನಾಲ್ಕೇ ತಿಂಗಳಲ್ಲಿ ಕಲಿತಿದ್ದ. ಅವನ ಅಪ್ಪ ಎಜುಕೇಶನ್ ಲೋನ್ ತೆಗೆದಿದ್ದರು, ಕಂತು ಶುರುವಾಗುವುದಿತ್ತು, ಮನೆಯಲ್ಲಿ ಮದುವೆಗೆ ಬಂದ ತಂಗಿ. ಐಟಿ ಕಂಪನಿಯೊಂದರಿಂದ ಕರೆ ಬಂತು, ಸಾಫ್ಟ್‌ವೇರ್ ಟೆಸ್ಟಿಂಗ್, ಸಂಬಳ ಇಲ್ಲಿಯದರ ಮೂರು ಪಟ್ಟು. ಹೋಗುವ ಮುಂಚೆ ಮನೆಗೆ ಬಂದು "ಸರ್, ನಂಗ ಈ ಕೆಲಸಾನ ಭಾಳ ಸೇರಿತ್ತು ರೀ" ಅಂದ. ಇರು ಅಂತ ಹೇಳಲು ನನ್ನ ಬಾಯಿ ಬರಲಿಲ್ಲ. ಅವನ ಕಂತನ್ನು ನಾನು ಕಟ್ಟುತ್ತೇನೆಯೇ?

"ಕೆಲಸಕ್ಕೆ ಬರುವ ಇಂಜಿನಿಯರುಗಳೇ ಸಿಗುವುದಿಲ್ಲ" ಅಂತ ಸೆಮಿನಾರುಗಳಲ್ಲಿ ಭಾಷಣ ಮಾಡುವ ದೊಡ್ಡವರು ಇದನ್ನು ಸ್ವಲ್ಪ ಯೋಚಿಸಬೇಕು. ಸಿಕ್ಕಿದ್ದ ಒಬ್ಬ ಹೋದ. ಅವನನ್ನು ಕಳಕೊಂಡದ್ದಕ್ಕೆ ಸಿಲಬಸ್ಸು ಕಾರಣವಲ್ಲ.

ಊರಿನ ಅಪ್ಪಂದಿರಿಗೆ ಈಗ ನಾನು ಹೇಳುವುದು ಇಷ್ಟು. ಹುಡುಗನಿಗೆ ಮನೆಯ ಫ್ಯಾನು, ಪಂಪ್‌ಸೆಟ್ಟು ಬಿಚ್ಚಿ ನೋಡುವ ಚಟ ಇದ್ದರೆ ಮೆಕ್ಯಾನಿಕಲ್ ಕೊಡಿಸಿ, ಇಲ್ಲದಿದ್ದರೆ ಬೇಡ. ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ, ವರ್ಕ್‌ಶಾಪಿಗೆ ಹೋಗಿ ಲೇತಿನ ಬೆಡ್ ಮೇಲೆ ಕೈ ಎಳೆಯಿರಿ. ಕೈಗೆ ಎಣ್ಣೆ ಹತ್ತಿದರೆ ಒಳ್ಳೆಯದು, ಧೂಳು ಹತ್ತಿದರೆ ಬೇರೆ ಕಾಲೇಜು ನೋಡಿ. ಪ್ರತಿ ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಹುಬ್ಬಳ್ಳಿಯ ಗೋಕುಲ ರೋಡೋ, ಬೆಳಗಾವಿಯ ಉದ್ಯಮಬಾಗವೋ, ಸಣ್ಣ ವರ್ಕ್‌ಶಾಪಾದರೂ ಸರಿ, ಪುಕ್ಕಟೆಯಾದರೂ ಸರಿ, ನಿಲ್ಲಿಸಿ. ಮತ್ತೆ, ಡಿಗ್ರಿಯ ಖರ್ಚನ್ನು ನಾಲ್ಕು ವರ್ಷಕ್ಕೆ ಲೆಕ್ಕ ಹಾಕಬೇಡಿ, ಐದಕ್ಕೆ ಹಾಕಿ. ಆ ಐದನೇ ವರ್ಷ ಕಡಿಮೆ ಸಂಬಳದಲ್ಲಿ ತಡೆದುಕೊಳ್ಳಲು ಸಾಧ್ಯವಾದರೆ ಹುಡುಗ ಪೂರ್ತಿ ಇಂಜಿನಿಯರ್ ಆಗುತ್ತಾನೆ.

ಇಲ್ಲಿ ಪಿಂಪ್ರಿ, ಭೋಸರಿ, ಚಾಕಣದಲ್ಲಿ ಸಣ್ಣಪುಟ್ಟ ವರ್ಕ್‌ಶಾಪು ಇಟ್ಟಿರುವ, ಕಂಪನಿಗಳಲ್ಲಿ ಒಳ್ಳೆಯ ಜಾಗದಲ್ಲಿರುವ ಕನ್ನಡದವರು ಕಡಿಮೆಯೇನಿಲ್ಲ. ರಾಜ್ಯೋತ್ಸವಕ್ಕೆ ನಾವೆಲ್ಲ ಸೇರುತ್ತೇವೆ, ಊಟ ಮಾಡುತ್ತೇವೆ, ಹಾಡು ಕೇಳುತ್ತೇವೆ. ಒಬ್ಬೊಬ್ಬರು ವರ್ಷಕ್ಕೆ ಒಬ್ಬ ಹುಡುಗನನ್ನು ಬೇಸಿಗೆಯಲ್ಲಿ ಆರು ವಾರ ಮಷೀನಿನ ಪಕ್ಕ ನಿಲ್ಲಿಸಿಕೊಳ್ಳಲಿಕ್ಕೆ ಆಗುವುದಿಲ್ಲವೇ? ನಾನು ಇಬ್ಬರಿಗೆ ಜಾಗ ಮಾತಾಡಿ ಇಟ್ಟಿದ್ದೇನೆ, ಇರಲಿಕ್ಕೆ ನಮ್ಮ ಮನೆಯ ಮೇಲಿನ ಕೋಣೆ ಖಾಲಿ ಇದೆ. ನಿಮ್ಮಲ್ಲಿ ಯಾರಿಗೆ ಆಗುತ್ತದೋ ತಿಳಿಸಿ.